ಬದುಕಿದ್ದ ಖಾನನಿಗೆ ಶೋಕದ ಹಾಡು

“ಕುರಿ ಕಾಯೋ ನನ್ಮಗನ್ನ ಕುದುರೆ ಹತ್ಸಿದ್ಯಂತಲ್ಲೇ, ರಂಡೆ. ನಂಗೇನು ಕತ್ತೆ ಇಟ್ಕೊಂಡಿದ್ಯಾ?”

ಊರಿನ ಜಮೀನ್ದಾರ ಫಜಲುಲ್ಲಾ ಖಾನ ದಿಂಬಿಗೊರಗಿ ಕೆಮ್ಮುತ್ತಲೇ ಬೈದ. ನಾರಂಜ್ ಹೊಸ್ತಿಲಾಚೆ ಚಪ್ಪಲಿಗಳ ನಡುವೆ ನಿಂತಿದ್ದಳು. ಗರೀನ್ ಬೆಟ್ಟದ ಬುಡದ ಲಕಿ ಮಾತಾಡುವ ಹಳ್ಳಿಗಳಲ್ಲಿ ಯಾರು ಸತ್ತರೂ ಅತ್ತು ಹಾಡುವವಳು ಅವಳೇ. ಸತ್ತ ಗಂಡಸಿನ ಅಂತಸ್ತನ್ನು ಜನ ಅವಳ ಹಾಡಿನಲ್ಲೇ ಅಳೆಯುತ್ತಿದ್ದರು. ಬಿಳಿ ಕುದುರೆ, ಬಂದೂಕು, ಒಲೆಯಿಂದಿಳಿಯದ ಕೊಪ್ಪರಿಗೆ, ಇವೆಲ್ಲ ಖಾನರ ಪಾಲು. ಕೂಲಿಯವನಿಗೆ ‘ಅಯ್ಯೋ ಅಣ್ಣಾ’ ಅಂದರೆ ಮುಗಿಯಿತು. ಆದರೆ ಖಾನನ ಕುರಿ ಹುಡುಕಿಕೊಂಡು ಹೋದ ಶಾಮುರಾದ್ ಹಿಮದಲ್ಲಿ ಸೆಟೆದು ಸತ್ತಾಗ, ನಾರಂಜ್ ಕುದುರೆ ಬಂದೂಕುಗಳನ್ನೆಲ್ಲ ಅವನಿಗೇ ಕೊಟ್ಟು ಹಾಡಿಬಿಟ್ಟಿದ್ದಳು.

ಅವಳು ತಪ್ಪಾಯಿತು ಅನ್ನಲಿಲ್ಲ. ಕಾಲ ಬಂದಾಗ ಖಾನರಿಗೂ ಹಾಡುತ್ತೇನೆ ಅಂದಳು. ಆಗ ಕೇಳಲು ತಾನೆಲ್ಲಿರುತ್ತೇನೆ, ಈಗಲೇ ಹಾಡು, ಇಲ್ಲದಿದ್ದರೆ ಗೇಣಿ ಹೊಲ ಬಿಡು ಎಂದು ಖಾನ ಹಟ ಹಿಡಿದ.

ನಾರಂಜ್ ತಲೆವಸ್ತ್ರ ಸಡಿಲಿಸಿ, ಎದೆ ಬಡಿದುಕೊಂಡು ರಾಗ ತೆಗೆದಳು. ಖಾನ ಸುಮ್ಮನೆ ಕೇಳಲಿಲ್ಲ. ಹಾಡಿನಲ್ಲಿ ಅತಿಥಿಗಳು ಸಾಲದು ಅಂದ. ಬೇಟೆಯಾಡಿದ ಕಾಡುಮೇಕೆಗಳನ್ನು ಎರಡು ಸಲ ಹೆಚ್ಚಿಸಿಕೊಂಡ. ಕೊನೆಗೆ ತನ್ನ ಸಾವಿಗೆ ತಾನೇ ಗೊಳೋ ಎಂದು ಅತ್ತ.

ದನಿ ಅಂಗಳ ದಾಟಿತು. ಖಾನ ಸತ್ತನೆಂದು ಊರೇ ಓಡಿಬಂತು. ಇಬ್ಬರು ಗುದ್ದಲಿಯನ್ನೂ ಹೊತ್ತು ತಂದಿದ್ದರು. ಒಳಗೆ ಖಾನ ಕೂತು ಮೂಗು ಸೀಟುತ್ತಿದ್ದುದನ್ನು ಕಂಡು ಅವರ ಮುಖ ಸಪ್ಪಗಾಯಿತು.

ಹೆಂಗಸರ ಗುಂಪಿನಲ್ಲಿ ಶಾಮುರಾದನ ಹೆಂಡತಿಯೂ ಇದ್ದಳು. ಅವಳ ಕೆನ್ನೆಯ ಮೇಲೆ ಗಂಡನಿಗಾಗಿ ಪರಚಿಕೊಂಡ ಗಾಯ ಇನ್ನೂ ಮಾಸಿರಲಿಲ್ಲ. ಅದನ್ನು ಕಂಡದ್ದೇ ನಾರಂಜ್ ಖಾನನತ್ತ ತಿರುಗಿದಳು. ರಾಗ ಅದೇ ಇತ್ತು, ಮಾತು ಬೇರೆಯಾಯಿತು.

“ಕುದುರೆ ಖಾನಂದು, ಬಿದ್ದ ಖಾನನ್ನ ಎತ್ತಿ ಕೂರ್ಸಿದ್ದು ಶಾಮುರಾದ.
ಬಂದೂಕ ಖಾನಂದು, ಮೇಕೆ ಹೊಡೆದದ್ದು ಶಾಮುರಾದ.
ಕೊಪ್ಪರಿಗೆ ಖಾನಂದು, ಅದರಾಗೆ ಬೆಂದದ್ದು ನಮ್ಮ ಕುರಿ.”

ಹೆಂಗಸರು ‘ವೈ, ವೈ’ ಎಂದು ಎದೆ ಬಡಿದರು. ಕೆಲವರು ನಗು ಮುಚ್ಚಲು ಸೆರಗು ಕಚ್ಚಿಕೊಂಡರು.

“ನಿಲ್ಸೇ, ಬೇವರ್ಸಿ,” ಎಂದು ಖಾನ ದಿಂಬು ಎಸೆದ.

ನಾರಂಜ್ ಪಕ್ಕಕ್ಕೆ ಸರಿದಳು. “ಸುಮ್ಕಿರಿ ಖಾನರೇ. ಸತ್ತೋರು ನಡುವೆ ಬಾಯಿ ಹಾಕ್ಬಾರ್ದು.”

ಅವಳನ್ನು ಹೊರಗೆ ಹಾಕಿಸಲು ಖಾನ ತನ್ನ ಹೆಂಡತಿಯನ್ನು ಹುಡುಕಿದ. ಆಕೆ ಹೆಂಗಸರ ನಡುವೆ ಕೂತು, ಒಂದು ಏಟೂ ತಪ್ಪದಂತೆ, ಎಲ್ಲರಿಗಿಂತ ಜೋರಾಗಿ ಎದೆ ಬಡಿದುಕೊಳ್ಳುತ್ತಿದ್ದಳು.