ಹಳದಿ ದಾರಕ್ಕೆ ಬಿಟ್ಟ ಜಾಗ

ನಾನು ಒಂದು ಕಾಲುಂಗುರ. ಅಪ್ಪಟ ಬೆಳ್ಳಿ ಕಣ್ರೀ, ಕಲಬೆರಕೆಯಲ್ಲ! ಹರಿಹರದ ಮೌನೇಶಾಚಾರ್ರು ಬಡಿದು, ಬಾಗಿಸಿ, ಬೆಸೆದು ನನ್ನನ್ನು ಮಾಡಿದರು. ಮದುವೆಯ ದಿನ ತಿಪ್ಪೇಶಿ ನನ್ನನ್ನು ಹೆಂಡತಿ ಹಾಲಮ್ಮನ ಕಾಲ್ಬೆರಳಿಗೆ ತೊಡಿಸಿದ. ಅವಳು ಬಟ್ಟೆ ಹೊಲಿಯುವವಳು. ದಿನವಿಡೀ ಮಿಷಿನ್ನಿನ ಪೆಡಲ್ ಮೇಲೆ ನಾನೂ ಟಕಟಕ ಕುಣಿಯುತ್ತಿದ್ದೆ.

ಅವಳಿಗೆ ಮೂವತ್ತೈದು ದಾಟಿದ ಮೇಲೆ ಬೆರಳು ನನ್ನನ್ನು ಒತ್ತತೊಡಗಿತು. "ಊಟ ಮೈಗೆ ಹತ್ತಿದೆ ಬಿಡು" ಎಂದು ಓರಗಿತ್ತಿ ಕಿಚಾಯಿಸಿದಳು. ಆಚಾರ್ರು ನನ್ನನ್ನು ಕತ್ತರಿಸಿ ಬೆಳ್ಳಿ ತುಂಡು ಸೇರಿಸಿದರು. ಮುತ್ತೈದೆಯ ಕಾಲು ಬರಿದಾಗಬಾರದೆಂದು ಅಲ್ಲಿತನಕ ಹಾಲಮ್ಮ ಅರಿಶಿನದ ದಾರ ಸುತ್ತಿಕೊಂಡಳು. ನನ್ನ ಜಾಗದಲ್ಲಿ ನೂಲಂತೆ ನೂಲು! ನನಗೆ ನಗು ಬಂತು.

ಎರಡು ವರ್ಷಕ್ಕೆ ಇನ್ನೊಂದು ತುಂಡು, ಮತ್ತೆರಡು ವರ್ಷಕ್ಕೆ ಮೂರನೆಯದು. ಆ ಸಲ ಆಚಾರ್ರು ಬೆರಳು ಒತ್ತಿ ನೋಡಿದರು. "ಹಾಲಕ್ಕ, ಇದು ಕೊಬ್ಬಲ್ಲ, ಮೂಳೆ. ಈ ವಯಸ್ಸಲ್ಲಿ ಕಾಲು ಬೆಳೆಯೋದನ್ನ ಎಲ್ಲಿ ಕೇಳಿದೀವಿ? ಡಾಕ್ಟರಿಗೆ ತೋರಿಸು."

ಅವಳು ಹೋಗಲಿಲ್ಲ. ಪಕ್ಕದಲ್ಲಿರುವುದು ಕಾಣದೆ ಬಾಗಿಲಿಗೆಲ್ಲ ಭುಜ ಬಡಿಯತೊಡಗಿದಾಗ ತಿಪ್ಪೇಶಿಯೇ ದಾವಣಗೆರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಬಗ್ಗಿ ನನ್ನ ಬೆಸುಗೆಗಳನ್ನು ಎಣಿಸಿದರು. "ಇವನ್ನ ಯಾವ್ಯಾವಾಗ ಹಾಕಿಸಿದ್ದು?" ವರ್ಷ ಬರೆದುಕೊಂಡರು, ರಕ್ತ ಪರೀಕ್ಷೆ ಮಾಡಿಸಿದರು. "ಬೆಳವಣಿಗೆಯ ಹಾರ್ಮೋನು ಉಕ್ತಾ ಇದೆ. ಎಲ್ಲಿಂದ ಅಂತ ಹುಡುಕಬೇಕು. ತಡವಾದ್ರೆ ಕಣ್ಣು ಪೂರ್ತಿ ಹೋಗುತ್ತೆ."

ತಲೆಯ ಸ್ಕ್ಯಾನಿಗೆ ಮೈಮೇಲೆ ಲೋಹ ಇರಬಾರದು. ನಾನೋ ಬೆರಳು ಬಿಟ್ಟು ಬರಲೊಲ್ಲೆ. ನರ್ಸು ನನ್ನನ್ನು ಕತ್ತರಿಸಲು ಬಂದರೆ ಹಾಲಮ್ಮ ಕಾಲು ಹಿಂದಕ್ಕೆಳೆದುಕೊಂಡಳು. "ಇಲ್ಲಿ ಅರಿಶಿನದ ದಾರ ಎಲ್ಲಿದೆ? ಬರಿಗಾಲಲ್ಲಿ ನಾನು ಒಳಗೆ ಹೋಗಲ್ಲ!"

ತಿಪ್ಪೇಶಿ ಅವಳ ಚೀಲ ತಡಕಿ ಹೊಲಿಗೆಯ ಹಳದಿ ದಾರ ತೆಗೆದ. ಎಲ್ಲರೆದುರು ನೆಲಕ್ಕೆ ಕೂತು ಬೆರಳಿಗೆ ಸುತ್ತಿದ. "ತಗೋ, ಇದೇ ಅರಿಶಿನ. ನಂಗೇನೂ ಆಗಲ್ಲ ಕಣೇ. ನಿನ್ನ ಕಣ್ಣು ಉಳೀಲಿ."

ತುಂಡಾದ ನಾನು ಅವನ ಅಂಗೈಯಿಂದಲೇ ಸ್ಕ್ಯಾನಿನ ಚಿತ್ರ ನೋಡಿದೆ. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯೊಳಗೆ ಗೋಲಿ ಗಾತ್ರದ ಗಡ್ಡೆ. ಅಬ್ಬಬ್ಬಾ! ಇಷ್ಟು ವರ್ಷ ನಾನು ಬೆರಳನ್ನು ಬೈದದ್ದೇ ಬೈದದ್ದು. ಕಿತಾಪತಿ ಮಾಡಿದ್ದು ನೆತ್ತಿಯ ಕೆಳಗೆ ಕೂತ ಆ ಪುಟಾಣಿ! ಅಲ್ಲಿ ಅದು ಉಕ್ಕಿದರೆ ಇಲ್ಲಿ ಪಾದದಲ್ಲಿ ನಾನು ಬಿಗಿಯುತ್ತಿದ್ದೆ. ಮನುಷ್ಯರ ಮೈ ಎಂಥ ಅದ್ಭುತ ಮಾರಾಯ್ರೇ!

ಮೂಗಿನ ದಾರಿಯಲ್ಲೇ ಗಡ್ಡೆ ತೆಗೆದರು. ಪಕ್ಕದ ನೋಟ ಮರಳಿತು, ಬಾವು ಇಳಿಯಿತು. ಬೆಳೆದ ಮೂಳೆ ಮಾತ್ರ ಹಾಗೇ ಉಳಿಯಿತು. ಆಚಾರ್ರು ನನ್ನಿಂದ ಒಂದು ತುಂಡು ತೆಗೆದು ಬೆಸೆದರು.

ಈಗ ನಾನು ಸವೆದ ಮುದಿ ಬೆಳ್ಳಿ. ಹಾಲಮ್ಮ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ನಾನು ಬೆರಳಿಗೆ ಮರಳಿದರೂ ಆಸ್ಪತ್ರೆಯ ಆ ಹಳದಿ ದಾರವನ್ನು ಅವಳು ಬಿಚ್ಚಲಿಲ್ಲ. ಅದು ಸವೆದಾಗಲೆಲ್ಲ ತಿಪ್ಪೇಶಿಯ ಮುಂದೆ ಕಾಲು ಚಾಚುತ್ತಾಳೆ, ಅವನು ಹೊಸದು ಸುತ್ತುತ್ತಾನೆ. ನಾನು ಸ್ವಲ್ಪ ಸರಿದು ಅದಕ್ಕೆ ಜಾಗ ಬಿಡುತ್ತೇನೆ.