ನೇರಳೆ ಹಂಡೆಯ ಮೇಲೆ ಬಂದ ಅಪವಾದ

ಬಣ್ಣ ಗುರುತಿಸುವುದರಲ್ಲಿ ನನ್ನ ಕಣ್ಣಿಗೆ ಸರಿಸಾಟಿ ಈ ಭೂಮಂಡಲದಲ್ಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ನಮ್ಮ ಅಂಗಡಿಯಲ್ಲಿ ನಾನು ಹಂಡೆಯೊಳಗೆ ಇಣುಕಿದರೆ ಸಾಕು, ನೀರು ಹೆದರಿ ತಾನಾಗಿಯೇ ಹದಕ್ಕೆ ಬರುತ್ತದೆ. ಅಂಗಡಿ ಮಾತ್ರ ಅಕ್ಕನದು. ಹಂಡೆ ಕದಡುವುದು, ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುವುದು, ಇವೆರಡು ನನ್ನ ಪಾಲಿನ ಕೆಲಸ.

ಇಂಥ ನನ್ನನ್ನೇ ಕಂಗೆಡಿಸಿದ್ದು ಅಕ್ಕನ ಮುಂಗೈಗಳ ಮೇಲೆ ಮೂಡಿದ ನೇರಳೆ ಕಲೆಗಳು. ಒಂದೊಂದೂ ಒಂದು ಖಂಡದಷ್ಟು ಅಗಲ. ಹೊಸದಾಗಿ ತಂದ ನೇರಳೆ ಬಣ್ಣ ಕೈಗವಸಿನೊಳಗೆ ಇಳಿಯುತ್ತಿದೆ ಎಂದು ಅಕ್ಕ ತೀರ್ಮಾನಿಸಿದಳು. ಬಣ್ಣ ಮಾರಿದವನಿಗೆ ಫೋನ್ ಮಾಡಿ ನೀರಿಳಿಸಿದಳು. ಸಂಜೆಯಾದರೆ ಸೋಪು ಹಚ್ಚಿ ಒರಟು ಬ್ರಷ್ಷಿನಿಂದ ಕೈ ಉಜ್ಜುವಳು. ಒಂದು ದಿನ ಚರ್ಮವೇ ಒದ್ದೆ ಕಾಗದದ ಹಾಗೆ ಸುಲಿದು ಬಂತು. ಗಾಯ ಒಣಗುವ ಮಾತೇ ಆಡಲಿಲ್ಲ. ಅಕ್ಕನ ಕೈ ಹೋದರೆ ಅಂಗಡಿ ಹೋದಂತೆ.

ನಾನು ಪತ್ತೇದಾರಿಕೆಗೆ ಇಳಿದೆ. ಕೈಗವಸನ್ನು ಒಳಹೊರಗು ಮಾಡಿ ನೋಡಿದರೆ ಒಳಗೆ ಹಾಲಿನಷ್ಟು ಬಿಳುಪು. ನೇರಳೆ ಹಂಡೆಯನ್ನು ಮುಚ್ಚಿಸಿ ಬರೀ ಹಳದಿ ಕೆಲಸ ಮಾಡಿಸಿದೆ. ಆದರೂ ಹೊಸ ಕಲೆ, ಅದೂ ನೇರಳೆಯೇ. ಹಳೆಯವು ಅಂಚಿನಿಂದ ಹಸಿರಾಗಿ, ಆಮೇಲೆ ಹಳದಿಯಾಗಿ ಮಾಯವಾಗುತ್ತಿದ್ದವು. ಹೀಗೆ ವೇಷ ಬದಲಿಸುವ ಬಣ್ಣವನ್ನು ನಾನು ಮೂರು ಲೋಕದಲ್ಲೂ ಕಂಡಿರಲಿಲ್ಲ. ಕುತೂಹಲ ತಡೆಯಲಾರದೆ ಅಕ್ಕನ ಹಿಂದೆಯೇ ಸುತ್ತಿದೆ. ಒದ್ದೆ ಬಟ್ಟೆಯ ಗಂಟನ್ನು ಅವಳು ಮುಂಗೈಗೆ ನೇತುಹಾಕಿಕೊಂಡ ಜಾಗದಲ್ಲೇ ಮರುದಿನ ಕಲೆ ಎದ್ದಿತ್ತು. ಬಣ್ಣ ಹೊರಗಿನದಲ್ಲ, ಒಳಗಿನದು.

ಅಕ್ಕನನ್ನು ಆಸ್ಪತ್ರೆಗೆ ಎಳೆದೊಯ್ದೆ. ಡಾಕ್ಟರಮ್ಮ ಕೈ ನೋಡಿದವರೇ ಯಾವ ಮಾತ್ರೆ ತಗೋತೀರಿ ಎಂದು ಕೇಳಿದರು. ವರ್ಷಗಳ ಹಿಂದೆ ಕೀಲುಗಳು ಬಾತು ಅಕ್ಕನ ಬೆರಳುಗಳು ಮುದುಡಿಹೋಗಿದ್ದವು. ಅವನ್ನು ಬಿಡಿಸಿದ್ದು ಸ್ಟೀರಾಯ್ಡ್ ಮಾತ್ರೆ. ಅಂದಿನಿಂದ ಅದನ್ನೇ ನುಂಗುತ್ತಿದ್ದಳು.

"ತುಂಬಾ ವರ್ಷ ತಗೊಂಡ್ರೆ ಚರ್ಮ ತೆಳ್ಳಗಾಗುತ್ತೆ," ಎಂದರು ಡಾಕ್ಟರಮ್ಮ. "ಒಳಗಿನ ಸಣ್ಣ ರಕ್ತನಾಳಗಳಿಗೆ ಆಸರೆ ಇರಲ್ಲ. ಸ್ವಲ್ಪ ಒತ್ತಿದ್ರೂ ರಕ್ತ ಸೋರಿ ಕಲೆಯಾಗುತ್ತೆ."

ನಾನು ಪ್ರಶ್ನೆಗಳ ಸುರಿಮಳೆಗರೆದೆ. ಗಾಯ ಒಣಗದಿರುವುದೂ ಅದರಿಂದಲೇ, ಕೆನ್ನೆ ಗುಂಡಗಾಗಿರುವುದೂ ಅದರಿಂದಲೇ ಅಂತೆ. ಆ ಕೆನ್ನೆಗೆ ನನ್ನ ಅಡುಗೆಯೇ ಕಾರಣ ಎಂದು ನಾನು ಬೀದಿಗೆಲ್ಲ ಸಾರಿದ್ದೆ. ಮಾತ್ರೆಯನ್ನು ಮೆಲ್ಲಗೆ ಕಡಿಮೆ ಮಾಡೋಣ, ನೀವಾಗಿಯೇ ಒಮ್ಮೆಗೇ ಬಿಟ್ಟರೆ ಅಪಾಯ ಎಂದು ಡಾಕ್ಟರಮ್ಮ ಎಚ್ಚರಿಸಿ ಕಳಿಸಿದರು.

ಅಂಗಡಿಗೆ ಬಂದವಳೇ ಅಕ್ಕ ಮಾತ್ರೆಯ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆದಳು. "ಸಾಕು ಇದರ ಸಹವಾಸ."

ಬೆರಳು ಮತ್ತೆ ಮುದುಡಿದರೆ ಗತಿಯೇನು? ಬೇಡಿಕೊಂಡೆ, ಗದರಿದೆ. ಕಲ್ಲೂ ಕರಗುವ ನನ್ನ ಮಾತಿಗೆ ಅಕ್ಕ ಕರಗಲಿಲ್ಲ. ಕೊನೆಗೆ ಕುದಿಯುವ ಹಂಡೆಯಿಂದ ಒಂದು ಉಣ್ಣೆಯ ಶಾಲನ್ನು ಕೋಲಿನಿಂದ ಎತ್ತಿ, ತಣ್ಣೀರಿನ ತೊಟ್ಟಿಯ ಮೇಲೆ ಹಿಡಿದೆ.

"ಏ, ತಲೆ ನೆಟ್ಟಗಿದ್ಯೇನೋ?" ಎಂದು ಅಕ್ಕ ಕೋಲು ಹಿಡಿದಳು. "ಒಂದೇ ಸಲ ತಣ್ಣೀರಿಗೆ ಹಾಕಿದ್ರೆ ಉಣ್ಣೆ ಮುದುಡಿ ಹೋಗುತ್ತೆ. ನಿಧಾನಕ್ಕೆ ಆರಿಸ್ಬೇಕು ಅಂತ ಎಷ್ಟು ಸಲ..."

ಹೇಳುತ್ತಲೇ ಅವಳ ಕಣ್ಣು ಮಾತ್ರೆ ಬಿದ್ದಿದ್ದ ಬುಟ್ಟಿಯ ಕಡೆ ಹೊರಳಿತು. ನಾನು ಶಾಲನ್ನು ಮೆಲ್ಲಗೆ ಹಂಡೆಗೆ ಮರಳಿಸಿದೆ. ಅಕ್ಕ ಬುಟ್ಟಿಗೆ ಕೈ ಹಾಕಿ ಸ್ಟ್ರಿಪ್ ತೆಗೆದು ಸೆರಗಿಗೆ ಒರೆಸಿದಳು.

"ಡಾಕ್ಟರಮ್ಮ ಹೇಳ್ದಂಗೇ ಇಳಿಸ್ತೀನಿ. ಗೆದ್ದೆ ಅಂತ ಊರೆಲ್ಲ ಡಂಗುರ ಹೊಡೀಬೇಡ."

ಮರುದಿನ ನೇರಳೆ ಹಂಡೆಯ ಕೆಳಗೆ ಮತ್ತೆ ಒಲೆ ಹೊತ್ತಿತು. ಬ್ರಷ್ಷು ಈಗ ನೆಲ ಉಜ್ಜುತ್ತದೆ. "ಕಲೆ ಹಸಿರಿಗೆ ತಿರುಗಿದೆ ನೋಡೋ," ಎಂದು ಬೆಳಿಗ್ಗೆ ಅಕ್ಕನೇ, ಚರ್ಮಕ್ಕೆ ಕಾವಲಾಗಿ ತೊಟ್ಟ ರವಿಕೆಯ ಉದ್ದ ತೋಳು ಸರಿಸಿ ಕೈ ಚಾಚುತ್ತಾಳೆ. ಒದ್ದೆ ಗಂಟುಗಳೆಲ್ಲ ನನ್ನ ಹೆಗಲಿಗೆ ಬಂದಿವೆ. ಆನೆಯೂ ಹೊರಲಾರದ ಭಾರ, ನಾನಾದ್ದರಿಂದ ಹೊರುತ್ತಿದ್ದೇನೆ.