ಯಾವ ವರಸೆ?

ಕನ್ನಡಕದಂಗಡಿಯವನ ಭಾನುವಾರದ ಆಟದಲ್ಲಿ ಡ್ರ್ಯಾಗನ್ ಹಾರಬಹುದಿತ್ತು, ಬೆಂಕಿ ಉಗುಳಬಹುದಿತ್ತು, ಸತ್ತ ರಾಜ ಎದ್ದು ಬಂದು ಸಿಂಹಾಸನ ಎಲ್ಲಿ ಎಂದು ಕೇಳಬಹುದಿತ್ತು. ಆದರೆ ಬೆನ್ನಿಗೆ ಕಟ್ಟಿದ ಉದ್ದ ಕತ್ತಿಯನ್ನು ಹೆಗಲ ಮೇಲಿಂದ ಸರಕ್ಕನೆ ಎಳೆಯುವಂತಿರಲಿಲ್ಲ. ಯಾರಾದರೂ ಎಳೆದರೆ ಅವನು ಕಥೆ ನಿಲ್ಲಿಸಿ, ಕಿಟಕಿಯ ಪರದೆಯ ಕೋಲನ್ನೇ ಬಿಚ್ಚಿ ತಂದು ಬೆನ್ನಿಗೆ ಸಿಕ್ಕಿಸಿಕೊಂಡು, ಅಷ್ಟುದ್ದಕ್ಕೆ ಮನುಷ್ಯನ ಕೈ ಸಾಲುವುದಿಲ್ಲವೆಂದು ತೋರಿಸಿಕೊಡುತ್ತಿದ್ದ.

ಆಟವೇನೋ ಸುಲಭದ್ದು. ಅವನು ಕಥೆ ನಡೆಸುತ್ತಾನೆ. ಅದರಲ್ಲಿ ಬರುವ ಕಾವಲುಗಾರರು, ಕಳ್ಳರು, ರಾಕ್ಷಸರೆಲ್ಲ ಅವನೇ. ಉಳಿದವರು ಒಬ್ಬೊಬ್ಬ ವೀರನ ಪಾತ್ರ ವಹಿಸಿ ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ, ಬಿದ್ದ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಬೇರೆಯವರ ಮನೆಯಲ್ಲಾದರೆ ‘ಹೊಡೆದೆ’ ಎಂದರೆ ಸಾಕು. ಇವನಿಗೆ ಕತ್ತಿವರಸೆಯೂ ಬೇಕು. ಮೇಲಿಂದ ಕಡಿದದ್ದೋ, ಅಡ್ಡ ಬೀಸಿದ್ದೋ, ಕವಚದ ಸಂದು ನೋಡಿ ಕಂಕುಳಿಗೆ ತಿವಿದದ್ದೋ? ಉಕ್ಕಿನ ಕವಚವನ್ನು ಕತ್ತಿ ಕಡಿಯುವುದಿಲ್ಲ ಎಂದು ಅವನು ಹೇಳಿದ ಮೇಲೆ ಮುಗಿಯಿತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಟಕ್ಕೆ ಬರುವ ನರ್ಸ್ ಒಮ್ಮೆ ತನ್ನ ವೀರನಿಗೆ ಕವಚ ತೊಡಿಸುತ್ತೇನೆಂದು ಹೊರಟು, ಒಂದೊಂದೇ ಪಟ್ಟಿ ಬಿಗಿಯುವಷ್ಟರಲ್ಲಿ ಶತ್ರು ಕಾದು ಕಾದು ಬೇಸತ್ತು ಮನೆಗೆ ಹೋಗಿದ್ದ.

ಹೀಗೆ ಮೊಸರಲ್ಲಿ ಕಲ್ಲು ಹುಡುಕುವ ಮಹಾರಾಯನಿಗೆ ಸ್ವಂತ ಮನೆಯ ಒಂದು ವಿಷಯದಲ್ಲಿ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಅವನ ಮದುವೆ ಹೆಂಡತಿಯ ಅಪ್ಪನಿಗೆ ಒಪ್ಪಿಗೆಯಾಗಿರಲಿಲ್ಲ. ವರ್ಷ ಕಳೆದ ಮೇಲೆ ಮಾವ ಮನೆಗೆ ಬರತೊಡಗಿದ್ದರು, ಊಟ ಮಾಡುತ್ತಿದ್ದರು, ಕುರ್ಚಿಯ ಅಲುಗುವ ಕಾಲನ್ನೂ ಸರಿಮಾಡಿ ಕೊಟ್ಟಿದ್ದರು. ಆದರೆ ಅಳಿಯ ಎಂದು ಒಮ್ಮೆಯೂ ಅಂದವರಲ್ಲ. ಎದುರಿಗೆ ‘ಇವ್ರೇ, ಸ್ವಲ್ಪ ನೀರು ಕೊಡಿ’. ಬೇರೆಯವರ ಮುಂದೆ ‘ಕನ್ನಡಕದಂಗಡಿಯವ್ರು’. ಅಪ್ಪನನ್ನು ಕಾಣದೆ ಬೆಳೆದ ಅವನಿಗೆ ಅದರಿಂದ ಪ್ರತಿಸಲವೂ ನೋವಾಗುತ್ತಿತ್ತು. ಆ ಒಂದು ಮಾತು ಅವರ ಬಾಯಿಂದ ಬರಲೆಂದು ಆಸೆಯಿಂದ ಕಾಯುತ್ತಿದ್ದ.

ಆ ಭಾನುವಾರ ಆಟಕ್ಕೆ ಬರಬೇಕಿದ್ದ ಟೈಲರ್ ಜ್ವರವೆಂದು ಮಲಗಿದ. ಅವನ ಜಾಗ ಖಾಲಿ ಬಿಡುವುದು ಬೇಡವೆಂದು ಹೆಂಡತಿ ತನ್ನ ಅಪ್ಪನನ್ನೇ ಕೂರಿಸಿದಳು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮಾವ ದಾಳವನ್ನು ಕಳಚಿ ಬಿದ್ದ ನಟ್ಟಿನಂತೆ ತಿರುಗಿಸಿ ನೋಡಿದರು. ಕಥೆ ಅವರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತಿತ್ತು. ಯಾವುದು ಆಟದ ಮಾತು, ಯಾವುದು ಮನೆಯ ಮಾತು ಎಂದು ಅವರಿಗೆ ಕೊನೆಗೂ ಬಗೆಹರಿಯಲಿಲ್ಲ.

ಸೇತುವೆಯ ಮೇಲೆ ಅಡಿಯಿಂದ ಮುಡಿಯವರೆಗೆ ಉಕ್ಕು ತೊಟ್ಟ ಕಾವಲುಗಾರ ಅಡ್ಡ ನಿಂತ. ನರ್ಸ್ ಅವನೊಡನೆ ಮಾತಿಗಿಳಿದಳು. ಮಾತು ಮುಗಿಯುವಂತೆ ಕಾಣಲಿಲ್ಲ. ದಾರಿಗೆ ಅಡ್ಡ ನಿಂತವರನ್ನು ಎಂದೂ ಸಹಿಸದ ಮಾವ, ಹೊಡೆಯುತ್ತೇನೆ ಎಂದುಬಿಟ್ಟರು.

ಕನ್ನಡಕದಂಗಡಿಯವನು ಅಭ್ಯಾಸಬಲದಿಂದ ಅವರ ಮುಖವನ್ನೇ ನೋಡುತ್ತ ಕೇಳಿದ: "ಯಾವ ವರಸೆ?"

ಮಾವ ದಾಳ ಕೆಳಗಿಟ್ಟರು.

"ವರಸೆ ಹೇಳ್ದೆ ಮುಂದೆ ಹೋಗೋ ಹಾಗಿಲ್ಲ. ಅದು ಗೊತ್ತಾಗ್ದೆ ನಾನೇನು ಮಾಡ್ಲಿ, ನೀವೇ ಹೇಳಿ," ಎಂದ ಅವನು.

ಮಾವ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ಇಷ್ಟು ದಿನ ತುಟಿ ಬಿಚ್ಚದ ಹುಡುಗ ನಾಲ್ಕು ಜನರ ಮುಂದೆ ಹೀಗೆ ಕೇಳಬೇಕಾದರೆ ಎಷ್ಟು ನೊಂದಿರಬೇಕು ಎಂದು ಅವರಿಗೆ ಅನ್ನಿಸಿತ್ತೆಂದು ಆಮೇಲೆ ಮಗಳಿಗೆ ಹೇಳಿದರಂತೆ.

"ವರಸೆಯಲ್ಲಿ ನೀನು ನಂಗೆ ಅಳಿಯ ಆಗ್ಬೇಕು," ಎಂದರು. "ಇಷ್ಟು ಹೊತ್ತಿಗೆ ಹಾಗಂತ ಕರೀಬೇಕಿತ್ತು. ತಪ್ಪು ನಂದೇ."

ನರ್ಸ್ ನಗಲು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದಳು. ತನ್ನ ಗಂಡ ಕೇಳಿದ್ದು ಕತ್ತಿವರಸೆ ಎಂದು ಮಗಳು ಮೆಲ್ಲಗೆ ಅಪ್ಪನಿಗೆ ತಿಳಿಸಿದಳು. ಮಾವನ ಕಿವಿ ಕೆಂಪಾಯಿತು. ಓಹೋ ಆಟವೋ ಎಂದು ನಕ್ಕು ಜಾರಿಕೊಳ್ಳಲು ದಾರಿಯೇನೋ ಇತ್ತು.

"ಅದೆಲ್ಲ ನಂಗೆ ಗೊತ್ತಿಲ್ಲ. ನಂಗೆ ಗೊತ್ತಿರೋ ವರಸೆ ಇದೊಂದೇ," ಎಂದು ಅವರು ದಾಳ ಎಸೆದರು.

ಮೂರು ಬಿತ್ತು. ಮೂರಕ್ಕೆ ಉಕ್ಕಿನ ಮಾತು ಹಾಗಿರಲಿ, ಹತ್ತಿಯ ಅಂಗಿಯೂ ಹರಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಅದನ್ನು ಕಲಿಸಿದವನು ಕನ್ನಡಕ ತೆಗೆದು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ತಗುಲಿತು," ಎಂದ.

ಮೈತುಂಬ ಕವಚ ಇದೆ ಅಂದಿರಲ್ಲ, ಹೇಗೆ ತಗುಲಿತು ಎಂದು ನರ್ಸ್ ತಕರಾರು ತೆಗೆದಳು.

"ತಗುಲಿತು ಅಂದ್ನಲ್ಲ," ಎಂದ ಅವನು. ಮತ್ತೆ ಮಾವನ ಕಡೆ ತಿರುಗಿ, "ಕಾವಲುಗಾರ ಕೂತುಬಿಟ್ಟ, ಮಾವ. ಅವನ ಕೈಲಿ ಏಳೋಕಾಗ್ತಿಲ್ಲ. ನೀವು ದಾಟಿ ಬನ್ನಿ," ಎಂದ.